ಎಲ್ಲರೂ ಕೂಡಿ ತಿನ್ನುವ ಸಬ್ಬಸಿಗೆ ನುಚ್ಚಿನುಂಡೆ

ದಾವಣಗೆರೆಯ ಹೆಸರೆತ್ತಿದರೆ ಬೆಣ್ಣೆದೋಸೆಯ ನೆನಪಾಗದವರು ವಿರಳ. ಬೆಣ್ಣೆದೋಸೆಯ ಬೆನ್ನಿಗೆ ಮಂಡಕ್ಕಿ. ಮಂಡಕ್ಕಿಯ ಬೆನ್ನಿಗೆ ಮೆಣಸಿನಕಾಯಿ ಬಜ್ಜಿ. ಸಂಜೆಯಾಯಿತೆಂದರೆ ಬೀದಿಯ ಮೂಲೆಮೂಲೆಗಳಲ್ಲಿ ಬಾಣಲೆಗಳು ಒಲೆಯೇರುತ್ತವೆ, ಕಾದ ಎಣ್ಣೆಯ ಸದ್ದು ದಾರಿಹೋಕರನ್ನು ಕೈಹಿಡಿದು ನಿಲ್ಲಿಸುತ್ತದೆ. ಇಂಥ ಊರಿನ ಸೋದರಿಯರ ಮುಂದೆ ಹಬೆಯಲ್ಲಿ ಬೇಯಿಸಿದ ತಿಂಡಿಯ ಪ್ರಸ್ತಾಪವನ್ನು ಎತ್ತುವುದೆಂದರೆ ಸ್ವಲ್ಪ ಧೈರ್ಯದ ಕೆಲಸವೇ ಸರಿ. ಬಜ್ಜಿಯ ಮೇಲೆ ನಮಗೇನೂ ಹಗೆಯಿಲ್ಲ. ಮಳೆ ಸುರಿಯುವ ಸಂಜೆ ಮಂಡಕ್ಕಿಯ ಜೊತೆಗೆ ಒಂದೆರಡು ಬಜ್ಜಿ ತಿಂದವರನ್ನು ಯಾವ ವೈದ್ಯರೂ ಗದರಿಸಲಾರರು. ಆದರೆ ಅಪರೂಪದ್ದು ನಿತ್ಯದ್ದಾದಾಗ, ಮನೆಯಲ್ಲಿ ಎಲ್ಲರಿಗೂ ಅದು ಸಲ್ಲದೆ ಹೋದಾಗ, ಗೃಹಿಣಿಯಾದವಳು ಬೇರೆ ದಾರಿಯನ್ನು ಯೋಚಿಸಬೇಕಾಗುತ್ತದೆ.

ಬೇರೆ ದಾರಿ ಎಂದರೆ ಹೊಸ ದಾರಿಯೇನೂ ಅಲ್ಲ. ನಮ್ಮ ಅಜ್ಜಿಯಂದಿರು ನಡೆದು ಸವೆಸಿದ ದಾರಿಯೇ. ಈ ವಾರ ನಾವು ಹೇಳಹೊರಟಿರುವುದು ನುಚ್ಚಿನುಂಡೆಯ ವಿಷಯ. ಅದರಲ್ಲೂ ಚಳಿಗಾಲದ ಮಾರುಕಟ್ಟೆಗೆ ಕಟ್ಟುಕಟ್ಟಾಗಿ ಬರುವ ಎಳೆಯ ಸಬ್ಬಸಿಗೆ ಸೊಪ್ಪನ್ನು ಧಾರಾಳವಾಗಿ ಹಾಕಿ ಮಾಡುವ ನುಚ್ಚಿನುಂಡೆಯ ವಿಷಯ.

ಹೆಸರೇ ಈ ತಿಂಡಿಯ ಹುಟ್ಟನ್ನು ಹೇಳುತ್ತದೆ. ನುಚ್ಚು ಎಂದರೆ ಒಡೆದ ಕಾಳು. ಮನೆಯಲ್ಲೇ ತೊಗರಿಯನ್ನು ಬೀಸುಕಲ್ಲಿಗೆ ಹಾಕಿ ಬೇಳೆ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಇಡಿಯ ಬೇಳೆ ಸಾರು ಹುಳಿಗೆ ಸಲ್ಲುತ್ತಿತ್ತು. ಜರಡಿಯ ಕೆಳಗುಳಿದ ನುಚ್ಚು ಉಂಡೆಗೆ ಸಲ್ಲುತ್ತಿತ್ತು. ಎಸೆಯಬಹುದಾದದ್ದನ್ನು ಎಸೆಯದೆ ಹಬ್ಬದ ರುಚಿಗೆ ತಂದ ಜಾಣತನವೇ ನುಚ್ಚಿನುಂಡೆ. ಹಳೆಯ ಮೈಸೂರು ಸೀಮೆಯಲ್ಲಿ ಇದು ಮನೆಮಾತು. ಉತ್ತರಕ್ಕೆ ಬಂದಂತೆಲ್ಲ ಕಡುಬಿನ ಸಂಸಾರ ದೊಡ್ಡದಾಗುತ್ತ ಹೋಗುತ್ತದೆ. ನಡುವಿನ ಸೀಮೆಯಾದ ದಾವಣಗೆರೆ ಹರಿಹರಗಳ ಮನೆಗಳಿಗೆ ಎರಡೂ ಕಡೆಯ ನೆಂಟಸ್ತಿಕೆಯುಂಟು. ಮೈಸೂರಿನಿಂದ ಬಂದ ಸೊಸೆಯೂ ಉಂಟು, ಧಾರವಾಡಕ್ಕೆ ಹೋದ ಮಗಳೂ ಉಂಟು. ಆದುದರಿಂದ ಈ ತಿಂಡಿಯನ್ನು ಇಲ್ಲಿ ಯಾರೂ ಪರದೇಶಿಯೆಂದು ಕಾಣಬೇಕಾಗಿಲ್ಲ. ನೆರೆಹೊರೆಯವರಲ್ಲಿಯೂ ಇದರ ದಾಯಾದಿಗಳುಂಟು. ಗುಜರಾತಿನವರ ಮುಠಿಯಾ ಎಂಬ ತಿಂಡಿ ಮೆಂತ್ಯದ ಸೊಪ್ಪನ್ನು ಹಿಟ್ಟಿಗೆ ಬೆರೆಸಿ ಹಬೆಯಲ್ಲಿ ಬೇಯಿಸಿದ್ದು. ಮುಷ್ಟಿಯಲ್ಲಿ ಹಿಡಿದು ಮಾಡುವುದರಿಂದ ಅದಕ್ಕೆ ಆ ಹೆಸರು. ಮಹಾರಾಷ್ಟ್ರದ ಮನೆಗಳಲ್ಲಿ ಕೊತ್ತಂಬರಿ ಸೊಪ್ಪಿನ ವಡಿಯನ್ನು ಮೊದಲು ಹಬೆಯಲ್ಲಿ ಬೇಯಿಸಿಕೊಳ್ಳುತ್ತಾರೆ.

ಕೊಂಡಜ್ಜಿಯ ಕೆರೆಯ ದಂಡೆ

ದಾವಣಗೆರೆಯವರಿಗೂ ಹರಿಹರದವರಿಗೂ ವನಭೋಜನವೆಂದೊಡನೆ ಮೊದಲು ಮನಸ್ಸಿಗೆ ಬರುವ ಸ್ಥಳಗಳಲ್ಲಿ ಕೊಂಡಜ್ಜಿಯೂ ಒಂದು. ಹರಿಹರ ತಾಲ್ಲೂಕಿನ ಈ ಊರಿನ ಕೆರೆ, ಕೆರೆಯ ಬೆನ್ನಿಗೆ ನಿಂತ ಮರಗಳ ಗುಡ್ಡ, ತಣ್ಣನೆಯ ಗಾಳಿ ಇವು ಪೇಟೆಯ ಧೂಳಿನಲ್ಲಿ ಬದುಕುವವರನ್ನು ಒಂದು ದಿನದ ಮಟ್ಟಿಗಾದರೂ ಕರೆಯುತ್ತಲೇ ಇರುತ್ತವೆ. ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಕೊಂಡಜ್ಜಿ ಬಸಪ್ಪನವರ ಹೆಸರಿನೊಡನೆ ಈ ಊರಿನ ಹೆಸರು ನಾಡಿಗೆಲ್ಲ ಪರಿಚಯವಾಯಿತು. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ತರಬೇತಿ ಶಿಬಿರವೂ ಇಲ್ಲಿಯೇ ಇದೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಊರುಗಳ ಲೆಕ್ಕಪತ್ರ ಬದಲಾಯಿತೇ ಹೊರತು ಕೆರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಜನರ ಅಭ್ಯಾಸ ಬದಲಾಗಲಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಕಾರ್ತಿಕ ಮಾಸದಲ್ಲಿ ನಾಲ್ಕು ಮನೆಯವರು ಸೇರಿ ಅಲ್ಲಿಗೆ ಹೋಗಿದ್ದೆವು. ಸ್ಟವ್ ಹೊತ್ತಿಸಿ ಬಿಸಿಬಿಸಿ ಬಜ್ಜಿ ಕರಿಯುವುದೆಂದು ನಿಶ್ಚಯವಾಗಿತ್ತು. ಮಕ್ಕಳು ಸುತ್ತ ನೆರೆದರು. ಗಂಡಸರು ಜಮಖಾನೆಯ ಮೇಲೆ ಕುಳಿತು ಮಂಡಕ್ಕಿಯ ಪೊಟ್ಟಣ ಬಿಚ್ಚಿದರು. ಪಕ್ಕದ ಮನೆಯ ಹಿರಿಯರೊಬ್ಬರು ಮಾತ್ರ ಸ್ವಲ್ಪ ದೂರದಲ್ಲಿ ಮರದ ಬೊಡ್ಡೆಗೆ ಒರಗಿ ಕುಳಿತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಹೃದಯದ ತೊಂದರೆಯೂ ಸೇರಿಕೊಂಡು ವೈದ್ಯರು ಕರಿದದ್ದನ್ನು ಮುಟ್ಟಬೇಡಿರೆಂದು ಹೇಳಿದ್ದರು. ಸೊಸೆ ಹತ್ತಿರ ಹೋಗಿ, “ಮಾವಾ, ಒಂದೇ ಒಂದು ತಿನ್ರಿ, ಏನಾಗಲ್ಲ” ಎಂದಳು. ಅವರು ನಕ್ಕು, “ನೀವು ತಿನ್ರಿ ತಾಯಿ, ನಂದು ಡಬ್ಬಿ ಐತಲ್ಲ” ಎಂದರು. ಡಬ್ಬಿಯಲ್ಲಿ ಎರಡು ಒಣ ರೊಟ್ಟಿ, ಒಂದಿಷ್ಟು ಬೇಯಿಸಿದ ಕಾಳು ಇದ್ದವು. ನಾಲ್ಕು ಮನೆಯ ಜನ ನಗುತ್ತ ತಿನ್ನುತ್ತಿದ್ದಾಗ ಅವರೊಬ್ಬರೇ ಬೆನ್ನು ತಿರುಗಿಸಿ ಆ ಡಬ್ಬಿಯನ್ನು ಬಿಚ್ಚಿದರು. ಇತ್ತ ಸ್ಟವ್ವಿನ ಮುಂದೆ ಕುಳಿತಿದ್ದ ಆ ಸೊಸೆಗೂ ಕೊನೆಯವರೆಗೆ ಬಿಡುವು ಸಿಗಲಿಲ್ಲ. ಎಲ್ಲರದೂ ಮುಗಿದ ಮೇಲೆ ಆಕೆಯ ಪಾಲಿಗೆ ಉಳಿದದ್ದು ಆರಿ ಮೆತ್ತಗಾದ ಮೂರು ಬಜ್ಜಿಗಳು.

ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ೧೦ ಕೋಟಿಗೂ ಮಿಕ್ಕಿದೆಯೆಂದು ಅಂದಾಜು ಮಾಡಿತು. ಹಾಗೆಂದಮೇಲೆ ನಡುವಯಸ್ಸು ದಾಟಿದವರಿರುವ ಮನೆಗಳಲ್ಲಿ ಪಥ್ಯದ ತಟ್ಟೆಯೊಂದು ಬೇರೆಯಾಗಿಯೇ ಇರುವುದು ಆಶ್ಚರ್ಯವಲ್ಲ. ಪಥ್ಯದಲ್ಲಿ ಕಷ್ಟವಾದದ್ದು ನಾಲಗೆಯ ನಿಗ್ರಹವೊಂದೇ ಅಲ್ಲ. ಪಂಕ್ತಿಯಿಂದ ಎದ್ದುಹೋದ ಭಾವನೆ ಅದಕ್ಕಿಂತ ಕಷ್ಟದ್ದು. ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. “ನನಗೇನೂ ಬೇಡಮ್ಮ” ಎಂದುಬಿಡುತ್ತಾರೆ. ನಾವೂ ಅದನ್ನು ನಿಜವೆಂದೇ ನಂಬಿಬಿಡುತ್ತೇವೆ. ಹಬೆಯ ತಿಂಡಿಯ ದೊಡ್ಡ ಉಪಕಾರ ಇಲ್ಲಿದೆ. ಅದು ಪಥ್ಯದವರಿಗೂ ಪಥ್ಯವಿಲ್ಲದವರಿಗೂ ಒಂದೇ ತಟ್ಟೆಯಿಂದ ಬಡಿಸಬಹುದಾದ ತಿಂಡಿ. ಅಷ್ಟೇ ಅಲ್ಲ, ಒಂದು ಪಾತ್ರೆ ಹಬೆ ಎಂದರೆ ಇಪ್ಪತ್ತು ಉಂಡೆಗಳು ಒಮ್ಮೆಗೇ ಸಿದ್ಧ. ಮಾಡಿದವಳೂ ಬಿಸಿಯಿರುವಾಗಲೇ ಎಲ್ಲರ ಜೊತೆ ಕುಳಿತು ತಿನ್ನಬಹುದು.

ಸಬ್ಬಸಿಗೆಯ ಗುಣ

ಸಬ್ಬಸಿಗೆಯನ್ನು ಕಂಡರೆ ಮೂಗು ಮುರಿಯುವವರು ಕೆಲವರುಂಟು, ಅದಕ್ಕಾಗಿಯೇ ಪ್ರಾಣ ಬಿಡುವವರು ಹಲವರುಂಟು. ಸಂಸ್ಕೃತದಲ್ಲಿ ಇದು ಶತಪುಷ್ಪ, ಮರಾಠಿಯಲ್ಲಿ ಶೇಪು, ಹಿಂದಿಯಲ್ಲಿ ಸೋವಾ. ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿ ಇವೆಲ್ಲ ಒಂದೇ ಕುಲದ ಸಸ್ಯಗಳು. ಸಬ್ಬಸಿಗೆ ಆ ಕುಲದ ಮಗಳು. ಬಾಣಂತಿಯರ ಅಡುಗೆಯಲ್ಲಿ ಇದಕ್ಕೆ ಮೊದಲಿನಿಂದಲೂ ಮರ್ಯಾದೆಯ ಸ್ಥಾನ. ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ೧೮೫೧ರಲ್ಲಿ ತಯಾರಿಸಿದ ಗ್ರೈಪ್ ವಾಟರಿನಲ್ಲಿಯೂ ಇದರ ಬೀಜದ ಎಣ್ಣೆಯೇ ಮುಖ್ಯವಾದ ವಸ್ತುಗಳಲ್ಲೊಂದಾಗಿತ್ತು. (ಹಾಗೆಂದು ಹಸುಗೂಸಿಗೆ ಅದನ್ನು ಕುಡಿಸಬೇಕೆಂದಲ್ಲ, ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂಬುದೇ ಇಂದಿನ ವೈದ್ಯರ ಮಾತು.) ರಷ್ಯಾದವರು ಬೇಯಿಸಿದ ಆಲೂಗಡ್ಡೆಯ ಮೇಲೆ ಈ ಸೊಪ್ಪನ್ನು ಉದುರಿಸಿಕೊಳ್ಳುತ್ತಾರೆ, ಯುರೋಪಿನ ಉತ್ತರದವರು ಸೌತೆಕಾಯಿಯ ಉಪ್ಪಿನಕಾಯಿಗೆ ಹಾಕುತ್ತಾರೆ. ನಾವು ಬೇಳೆಯೊಡನೆ ಸೇರಿಸಿದೆವು. ಯಾರ ಜೋಡಿ ಉತ್ತಮವೆಂಬ ವಾದಕ್ಕೆ ನಾವು ಇಳಿಯುವುದಿಲ್ಲ, ತಿಂದವರೇ ತೀರ್ಮಾನಿಸಲಿ.

ಸಬ್ಬಸಿಗೆಯ ಪರಿಮಳ ಅದರ ಎಲೆಯೊಳಗಿನ ಸೂಕ್ಷ್ಮವಾದ ತೈಲದಲ್ಲಿದೆ. ಆ ತೈಲ ಶಾಖಕ್ಕೆ ಬಲುಬೇಗ ಹಾರಿಹೋಗುವಂಥದು. ಆದುದರಿಂದ ಸೊಪ್ಪನ್ನು ಬೇಳೆಯ ಜೊತೆ ರುಬ್ಬಕೂಡದು; ರುಬ್ಬಿದರೆ ಪರಿಮಳ ಕೆಡುವುದಲ್ಲದೆ ನೀರು ಬಿಟ್ಟುಕೊಂಡು ಉಂಡೆ ಕಟ್ಟಲು ಬಾರದು, ಬಣ್ಣವೂ ಮಾಸುತ್ತದೆ. ಸಣ್ಣಗೆ ಹೆಚ್ಚಿ ಎಲ್ಲಕ್ಕಿಂತ ಕಡೆಯಲ್ಲಿ ಬೆರೆಸಬೇಕು. ಬೇಯುತ್ತಿರುವಾಗ ಮೇಲಿಂದ ಮೇಲೆ ಮುಚ್ಚಳ ತೆಗೆದು ನೋಡಲೂ ಬಾರದು. ಮನೆಯೆಲ್ಲ ಘಮಘಮಿಸಿತೆಂದು ಹಿಗ್ಗುವ ಮೊದಲು, ಆ ಘಮ ಉಂಡೆಯೊಳಗಿಂದಲೇ ಹೊರಟುಬಂದದ್ದೆಂಬುದನ್ನು ನೆನೆಯಬೇಕು.

ಕೊಳ್ಳುವಾಗ ಎಳೆಯದಾದ, ಹೂಬಿಡದ, ಗರಿಗರಿಯಾಗಿ ನಿಂತ ಕಟ್ಟನ್ನೇ ಆರಿಸಿರಿ. ಹೂವು ಕಟ್ಟಿದ ಸೊಪ್ಪು ಒರಟು. ಬೇರನ್ನೂ ದಪ್ಪ ಕಾಂಡವನ್ನೂ ಕತ್ತರಿಸಿ, ಎಳೆಯ ಕಡ್ಡಿಗಳನ್ನು ಉಳಿಸಿಕೊಳ್ಳಬೇಕು. ಈ ಸೊಪ್ಪಿನ ಎಲೆಗಳು ಕೂದಲಿನಷ್ಟು ಸಣ್ಣಗಿರುವುದರಿಂದ ಮಣ್ಣು ಹಿಡಿದಿರುವುದು ಹೆಚ್ಚು. ಅಗಲವಾದ ಪಾತ್ರೆಯ ತುಂಬ ನೀರಿನಲ್ಲಿ ಅದ್ದಿ ಮೇಲೆತ್ತಿ, ನೀರನ್ನು ಬದಲಾಯಿಸಿ ಎರಡು ಮೂರು ಬಾರಿ ತೊಳೆಯಿರಿ. ತೊಳೆದ ಮೇಲೆಯೇ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ತ್ವವೆಲ್ಲ ನೀರಿನ ಪಾಲು. ತೊಳೆದ ಸೊಪ್ಪನ್ನು ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಹರವಿದರೆ ಆಮೇಲಿನ ಕೆಲಸ ಸುಲಭ.

ಬೇಕಾಗುವ ಸಾಮಾನು

ಐದಾರು ಜನರ ಮನೆಗೆ, ಸುಮಾರು ೨೦ರಿಂದ ೨೨ ಉಂಡೆಗಳಿಗೆ:

ತೊಗರಿಬೇಳೆ ೨೦೦ ಗ್ರಾಂ. ಕಡಲೆಬೇಳೆ ೫೦ ಗ್ರಾಂ. ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಒತ್ತಿ ತುಂಬಿದ ೨ ಬಟ್ಟಲು. ಕೊತ್ತಂಬರಿ ಸೊಪ್ಪು ಅರ್ಧ ಬಟ್ಟಲು. ಕರಿಬೇವು ಒಂದು ಎಸಳು. ಹಸಿಮೆಣಸಿನಕಾಯಿ ೫ ಅಥವಾ ೬. ಶುಂಠಿ ಒಂದು ಅಂಗುಲ. ಹಸಿ ತೆಂಗಿನಕಾಯಿಯ ತುರಿ ಅರ್ಧ ಬಟ್ಟಲು. ಜೀರಿಗೆ ಒಂದು ಟೀ ಚಮಚ. ಇಂಗು ಎರಡು ಚಿಟಿಕೆ. ಉಪ್ಪು ಒಂದು ಟೀ ಚಮಚ. ಎಣ್ಣೆ ಒಂದು ಟೀ ಚಮಚ. ಎಣ್ಣೆ ತಟ್ಟೆಗೆ ಸವರಲು ಮಾತ್ರ.

ಮಾಡುವ ಕ್ರಮ

ಎರಡು ಬೇಳೆಗಳನ್ನೂ ತೊಳೆದು, ಮುಳುಗುವಂತೆ ನೀರು ಹಾಕಿ ಎರಡು ಗಂಟೆ, ಚಳಿ ಹೆಚ್ಚಾಗಿದ್ದರೆ ಮೂರು ಗಂಟೆ ನೆನೆಹಾಕಿರಿ. ರಾತ್ರಿಯೆಲ್ಲ ನೆನೆಯುವ ಅವಶ್ಯಕತೆಯಿಲ್ಲ. ಒಂದು ಬೇಳೆಯನ್ನು ಉಗುರಿನಿಂದ ಮುರಿದು ನೋಡಿ. ಸುಲಭವಾಗಿ ಮುರಿದು, ಒಳಗೆ ಒಣಗಿದ ಬಿಳಿಯ ಚುಕ್ಕೆ ಕಾಣದಿದ್ದರೆ ನೆಂದಿದೆಯೆಂದು ತಿಳಿಯಬಹುದು. ಆಮೇಲೆ ಬೇಳೆಯನ್ನು ಜರಡಿಗೆ ಸುರಿದು ಕಾಲು ಗಂಟೆ ಹಾಗೆಯೇ ಬಿಡಿ. ನೀರು ತೊಟ್ಟು ತೊಟ್ಟಾಗಿ ಪೂರ್ತಿ ಸೋರಿಹೋಗಬೇಕು. ನುಚ್ಚಿನುಂಡೆ ಕೆಡುವುದು ಬಹುಮಟ್ಟಿಗೆ ಈ ಕಾಲು ಗಂಟೆಯ ಆತುರದಿಂದಲೇ.

ಮೆಣಸಿನಕಾಯಿ, ಶುಂಠಿ, ಜೀರಿಗೆ, ಉಪ್ಪುಗಳನ್ನು ಮೊದಲು ಒಂದು ಸುತ್ತು ತಿರುಗಿಸಿ, ಬಳಿಕ ಬೇಳೆಯನ್ನು ಎರಡು ಮೂರು ಕಂತಿನಲ್ಲಿ ಹಾಕಿ ತರಿತರಿಯಾಗಿ ರುಬ್ಬಿರಿ. ಒರಳುಕಲ್ಲಿದ್ದವರು ಭಾಗ್ಯವಂತರು, ಮಿಕ್ಸಿಯಿದ್ದವರು ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಬೇಕು. ಒಂದು ಹನಿ ನೀರನ್ನೂ ಸೇರಿಸಕೂಡದು. ಬೆರಳಿನಲ್ಲಿ ಹಿಡಿದರೆ ದಪ್ಪ ರವೆಯಂತಿರಬೇಕು. ಅಲ್ಲೊಂದು ಇಲ್ಲೊಂದು ಅರೆಬೇಳೆ ಉಳಿದರೂ ಚಿಂತೆಯಿಲ್ಲ. ನುಣ್ಣಗೆ ರುಬ್ಬಿದ ಹಿಟ್ಟಿನಲ್ಲಿ ಹಬೆ ನುಗ್ಗಲು ಸಂದು ಇರುವುದಿಲ್ಲ. ಹೊರಗೆ ಬೆಂದು ಒಳಗೆ ಕಲ್ಲಾಗುತ್ತದೆ. ತರಿಯಾಗಿದ್ದರೆ ತರಿಗೂ ತರಿಗೂ ನಡುವೆ ಹಬೆ ಓಡಾಡಿ ಉಂಡೆ ಹಗುರವಾಗುತ್ತದೆ.

ರುಬ್ಬಿದ್ದನ್ನು ಅಗಲವಾದ ಪಾತ್ರೆಗೆ ತೆಗೆದು ತೆಂಗಿನ ತುರಿ, ಇಂಗು, ಹೆಚ್ಚಿದ ಕರಿಬೇವು, ಕೊತ್ತಂಬರಿ, ಕಡೆಯಲ್ಲಿ ಸಬ್ಬಸಿಗೆ ಹಾಕಿ ಬೆರಳ ತುದಿಯಿಂದ ಬೆರೆಸಿರಿ. ನಾದಬಾರದು. ಬೆರೆಸಿದ ಮೇಲೆ ಇಡಬಾರದು. ಉಪ್ಪು ತಗುಲಿದ ಸೊಪ್ಪು ನೀರು ಬಿಡಲಾರಂಭಿಸುತ್ತದೆ. ಕೂಡಲೆ ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಉದ್ದುದ್ದನೆಯ ಉಂಡೆ ಮಾಡಿರಿ. ಲಡ್ಡಿನಂತೆ ಗಟ್ಟಿಯಾಗಿ ಒತ್ತಿ ಹೊಳಪು ತರಬೇಕಾಗಿಲ್ಲ; ಬೆರಳಿನ ಗುರುತು ಮೇಲೆ ಕಾಣುತ್ತಿದ್ದರೇ ಚೆಂದ. ಆ ಗುರುತಿನ ತಗ್ಗುಗಳಲ್ಲಿ ತುಪ್ಪ ನಿಲ್ಲುತ್ತದೆಂಬುದನ್ನು ಮಕ್ಕಳು ನಿಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಇಷ್ಟರೊಳಗೆ ಇಡ್ಲಿಪಾತ್ರೆಯಲ್ಲಿ ನೀರು ಕುದಿಯುತ್ತಿರಬೇಕು. ತಣ್ಣೀರಿನ ಮೇಲೆ ತಟ್ಟೆಯಿಟ್ಟು ಒಲೆ ಹೊತ್ತಿಸಿದರೆ ನೀರು ಕಾಯುವವರೆಗೆ ಉಂಡೆ ಸುಮ್ಮನೆ ಒದ್ದೆಯಾಗುತ್ತ ಕುಳಿತಿರುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ, ಅಥವಾ ಬಾಳೆಲೆಯ ತುಂಡಿನ ಮೇಲೆ, ಒಂದಕ್ಕೊಂದು ತಗುಲದಂತೆ ಉಂಡೆಗಳನ್ನು ಜೋಡಿಸಿರಿ. ಮುಚ್ಚಳದ ಒಳಮೈಗೆ ತೆಳುವಾದ ಬಟ್ಟೆಯನ್ನು ಕಟ್ಟಿದರೆ ಹಬೆಯ ನೀರು ಉಂಡೆಯ ಮೇಲೆ ತೊಟ್ಟಿಕ್ಕುವುದಿಲ್ಲ. ಬಟ್ಟೆಯ ಅಂಚು ಮಾತ್ರ ಉರಿಯ ಕಡೆ ಇಳಿಬೀಳದಂತೆ ಮೇಲೆ ಮಡಿಸಿಡಬೇಕು. ಪ್ರೆಷರ್ ಕುಕ್ಕರನ್ನು ಬಳಸುವವರು ಮೇಲಿನ ಗುಂಡನ್ನು ತೆಗೆದಿಡಬೇಕು. ನೀರಿನೊಳಗೆ ಶುಚಿಯಾದ ಒಂದು ನಾಣ್ಯವನ್ನು ಹಾಕಿಡುವುದು ಹಳೆಯ ಉಪಾಯ. ನೀರಿರುವವರೆಗೆ ಅದು ಟಕಟಕನೆ ಸದ್ದು ಮಾಡುತ್ತಿರುತ್ತದೆ. ಸದ್ದು ನಿಂತರೆ ನೀರು ಬತ್ತಿತೆಂದು ಅರ್ಥ. ೧೨ರಿಂದ ೧೫ ನಿಮಿಷ ಬೇಯಿಸಿ, ಒಲೆ ಆರಿಸಿ, ಐದು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ಕಡ್ಡಿಯಿಂದ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಮೇಲ್ಮೈ ಬಿರುಸಾಗಿ, ಹಸಿ ಹೊಳಪು ಹೋಗಿ ಮಂಕಾಗಿ ಕಂಡರೆ ಬೆಂದಿದೆಯೆಂದೇ ತಿಳಿಯಿರಿ.

ಮುಚ್ಚಳ ತೆಗೆಯುವಾಗ ಮುಖವನ್ನು ದೂರವಿಟ್ಟು, ನಿಮ್ಮಿಂದ ಆಚೆಗೆ ವಾಲಿಸಿ ತೆಗೆಯಬೇಕು. ಕುದಿಯುವ ನೀರಿಗಿಂತ ಹಬೆಯ ಸುಡುವಿಕೆ ಘೋರವಾದದ್ದು. ಒಂದು ಗ್ರಾಂ ಹಬೆ ಮತ್ತೆ ನೀರಾಗುವಾಗ, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವ ಶಾಖದ ಸುಮಾರು ೫೪೦ರಷ್ಟನ್ನು ಹೊರಗೆ ಬಿಡುತ್ತದೆ. ಕೈಗೆ ತಗುಲಿದರೆ ಬೊಬ್ಬೆಯೆಬ್ಬಿಸುವ ಈ ಶಾಖವೇ ಉಂಡೆಗೆ ತಗುಲಿದಾಗ ಅದನ್ನು ಎಣ್ಣೆಯ ಹಂಗಿಲ್ಲದೆ ಬೇಯಿಸುತ್ತದೆ. ಕರಿಯುವ ಎಣ್ಣೆ ಸುಮಾರು ೧೭೦-೧೮೦ ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ; ಹಬೆ ೧೦೦ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಆದುದರಿಂದ ಇಲ್ಲಿ ಬಜ್ಜಿಯ ಹೊಂಬಣ್ಣವಾಗಲಿ ಗರಿಗರಿತನವಾಗಲಿ ಸಿಗುವುದಿಲ್ಲ. ಸಿಗುತ್ತದೆಂದು ಹೇಳಿ ಮನೆಯವರನ್ನು ಕೂರಿಸಬೇಡಿರಿ. ಮೆತ್ತನೆಯ ತಿಂಡಿಯನ್ನು ಮೆತ್ತನೆಯದೆಂದೇ ಬಡಿಸಿರಿ.

ಯಾರಿಗೆ ಎಷ್ಟು

ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು ೨೨ ಪಾಲು ಪ್ರೋಟೀನು ಇದೆ. ಮೇಲಿನ ಅಳತೆಯಂತೆ ಮಾಡಿದರೆ ಒಂದೊಂದು ಉಂಡೆಗೆ ಎರಡೂವರೆ ಗ್ರಾಂನಷ್ಟು. ನಾಲ್ಕು ಉಂಡೆ ತಿಂದವರಿಗೆ ೧೦ ಗ್ರಾಂ ಸಿಕ್ಕಿತು. ಅನ್ನ, ರೊಟ್ಟಿ, ಮಂಡಕ್ಕಿ ಎಂದು ಧಾನ್ಯದ ಮೇಲೆಯೇ ನಿಂತ ನಮ್ಮ ಊಟದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಬೇಳೆಯ ಪಿಷ್ಟ ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದ ಸಕ್ಕರೆ ಒಮ್ಮೆಗೇ ಮೇಲೇರುವುದಿಲ್ಲ. ಒಂದು ಗ್ರಾಂ ಎಣ್ಣೆಯಲ್ಲಿ ೯ ಕ್ಯಾಲೊರಿ ಇರುವುದನ್ನು ನೆನೆದರೆ, ತಟ್ಟೆಗೆ ಸವರಿದ ಒಂದು ಚಮಚದಲ್ಲಿ ಇಡೀ ಸಂಸಾರದ ತಿಂಡಿ ಮುಗಿಯುವುದು ಸಣ್ಣ ಉಳಿತಾಯವಲ್ಲ. ಒಬ್ಬರಿಗೆ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಳತೆಯಲ್ಲಿ ನಾಲ್ಕು ಉಂಡೆಗೆ ಒಂದು ಗ್ರಾಂ ಉಪ್ಪಾಗುತ್ತದೆ. ರಕ್ತದೊತ್ತಡದವರಿದ್ದರೆ ಉಪ್ಪನ್ನು ಅರ್ಧಕ್ಕಿಳಿಸಿ, ಬಡಿಸುವಾಗ ನಿಂಬೆರಸ ಹಿಂಡಿರಿ. ಹುಳಿ ಉಪ್ಪಿನ ಕೊರತೆಯನ್ನು ಮರೆಸುತ್ತದೆ.

ಹಲ್ಲಿಲ್ಲದ ಹಿರಿಯರಿಗಾಗಿ ರುಬ್ಬಿದ್ದರಲ್ಲಿ ಒಂದು ಪಾಲನ್ನು ಇನ್ನೊಂದು ಸುತ್ತು ತಿರುಗಿಸಿ, ಉಂಡೆಯನ್ನು ಚಿಕ್ಕದಾಗಿ ಚಪ್ಪಟೆಯಾಗಿ ತಟ್ಟಿರಿ. ಬಡಿಸುವಾಗ ಬಿಸಿ ಮಜ್ಜಿಗೆಹುಳಿಯಲ್ಲಿ ನೆನೆಸಿ ಕೊಟ್ಟರೆ ತಾನಾಗಿ ಕರಗುತ್ತದೆ. ಸಣ್ಣ ಮಕ್ಕಳ ಪಾಲನ್ನು ಮೆಣಸಿನಕಾಯಿ ಸೇರಿಸುವ ಮೊದಲೇ ತೆಗೆದಿರಿಸಬೇಕು. ಅವರಿಗೆ ಪುಡಿಮಾಡಿ ತುಪ್ಪ ಬೆರೆಸಿ ಕೊಡಬಹುದು. ಬೇಳೆ ವಾಯುವೆಂದು ಅಂಜುವವರು ಶುಂಠಿ, ಇಂಗು, ಜೀರಿಗೆಗಳಲ್ಲಿ ಜಿಪುಣತನ ಮಾಡದಿರಲಿ. ನೆನೆಸಿದ ನೀರನ್ನು ಚೆಲ್ಲುವುದೂ ಒಳ್ಳೆಯದು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಮಾತ್ರ ಬೇಳೆಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೂ ಇದು ಔಷಧಿಯಲ್ಲ. ಒಳ್ಳೆಯ ತಿಂಡಿ, ಅಷ್ಟೆ. ನಾಲ್ಕು ಉಂಡೆಯ ಸ್ಥಾನದಲ್ಲಿ ಹತ್ತು ತಿಂದರೆ ಹಬೆಯೂ ಕಾಪಾಡಲಾರದು.

ಜೊತೆಗೇನು, ಬುತ್ತಿಗೆ ಹೇಗೆ

ನುಚ್ಚಿನುಂಡೆಗೆ ಮಜ್ಜಿಗೆಹುಳಿ ಹುಟ್ಟಿನ ಜೊತೆಗಾರ. ಅದಕ್ಕೆ ಬಿಡುವಿಲ್ಲದ ದಿನ ಕಾಯಿಚಟ್ನಿ ಸಾಕು. ನಮ್ಮ ಕಡೆಯ ಮನೆಗಳಲ್ಲಿ ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಗಟ್ಟಿ ಮೊಸರಿನಲ್ಲಿ ಎರಡು ಚಮಚ ಚಟ್ನಿಪುಡಿಯನ್ನು ಕಲಸಿ ಬಡಿಸಿ ನೋಡಿ. ಬಜ್ಜಿಯ ಖಾರಕ್ಕೆ ಒಗ್ಗಿದ ನಾಲಗೆಗೂ ಸಮಾಧಾನವಾದೀತು.

ಕೊಂಡಜ್ಜಿಯಂಥ ಸ್ಥಳಕ್ಕೆ ಕಟ್ಟಿಕೊಂಡು ಹೋಗುವುದಾದರೆ ಕೆಲವು ಎಚ್ಚರಿಕೆಗಳು ಬೇಕು. ಹಸಿ ತೆಂಗಿನಕಾಯಿ ಬೇಗ ಹಳಸುವುದರಿಂದ ಬುತ್ತಿಯ ಉಂಡೆಗೆ ಅದನ್ನು ಬಿಟ್ಟುಬಿಡಿ. ಬೆಂದ ಉಂಡೆಗಳನ್ನು ಬಿಸಿಯಲ್ಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವತು ಲೋಳೆಯಾಗುತ್ತವೆ. ತಟ್ಟೆಯಲ್ಲಿ ಹರವಿ ಗಾಳಿಗೆ ಆರಿಸಿ, ಬಾಳೆಲೆ ಹಾಸಿದ ಡಬ್ಬಿಯಲ್ಲಿ ತುಂಬಿರಿ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು. ಸಂಜೆಗೆ ಉಳಿಸುವ ಮಾತು ಬೇಡ. ಮೊಸರು ಬೇರೆ, ಚಟ್ನಿಪುಡಿ ಬೇರೆ ಒಯ್ದು ಅಲ್ಲಿಯೇ ಕಲಸಿಕೊಂಡರೆ ಸರಿ. ಇಲ್ಲಿ ಸ್ಟವ್ವೂ ಬೇಡ, ಕಾದ ಎಣ್ಣೆಯ ಸುತ್ತ ಮಕ್ಕಳು ಓಡಾಡುವ ಭಯವೂ ಇಲ್ಲ. ಮುತ್ತುಗದ ಎಲೆಯಲ್ಲಿ ಬಡಿಸಿ, ಎಲೆಗಳನ್ನು ಚೀಲದಲ್ಲಿ ಕಟ್ಟಿ ತಂದರೆ ಕೆರೆಯೂ ಶುಚಿಯಾಗಿ ಉಳಿಯುತ್ತದೆ. ನಮ್ಮ ಹಿಂದೆ ಬರುವವರಿಗೂ ಅದೇ ದಂಡೆ ಬೇಕಲ್ಲವೆ?

ಮನೆಯಲ್ಲಿ ಉಳಿದ ಉಂಡೆಯನ್ನು ಆರಿದೊಡನೆ ಶೈತ್ಯಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆ ಪುಡಿಮಾಡಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಈರುಳ್ಳಿ ಸೇರಿಸಿ ಬಿಸಿಮಾಡಿದರೆ ಸೊಗಸಾದ ಉದುರು ಪಲ್ಯವಾಗುತ್ತದೆ. ರೊಟ್ಟಿಯ ಜೊತೆ ಅದನ್ನು ತಿಂದವರು ನಿನ್ನೆಯ ಉಳಿಕೆಯೆಂದು ಊಹಿಸಲಾರರು.

ಕೆಲವು ಸಂದೇಹಗಳು

ಉಂಡೆ ಕಟ್ಟುವಾಗ ಒಡೆಯುತ್ತದೆಯೆ? ಬೇಳೆ ಸಾಲದಷ್ಟು ರುಬ್ಬಿದೆ. ಒಂದು ಹಿಡಿಯನ್ನು ತೆಗೆದು ಸ್ವಲ್ಪ ನುಣ್ಣಗೆ ರುಬ್ಬಿ ಬೆರೆಸಿರಿ. ಕೈಗೆ ಅಂಟಿ ಜಾರುತ್ತದೆಯೆ? ನೀರು ಹೆಚ್ಚಾಗಿದೆ, ಎರಡು ಚಮಚ ಅವಲಕ್ಕಿಯ ಪುಡಿಯನ್ನೋ ಅಕ್ಕಿಹಿಟ್ಟನ್ನೋ ಸೇರಿಸಿರಿ. ಬೆಂದ ಮೇಲೆ ಗಂಟಲಲ್ಲಿ ಒಣಗಿದಂತಾಗುತ್ತದೆಯೆ? ಸೊಪ್ಪು ಕಡಿಮೆಯಾಗಿದೆ. ಸೊಪ್ಪು ಪರಿಮಳಕ್ಕೆ ಮಾತ್ರವಲ್ಲ, ಉಂಡೆಯ ಹಸಿತನ ಕಾಯುವುದಕ್ಕೂ ಬೇಕು. ಅಲಂಕಾರಕ್ಕೆ ಉದುರಿಸಿದಂತೆ ಹಾಕಿದರೆ ಫಲವಿಲ್ಲ.

ಸಬ್ಬಸಿಗೆ ಸಿಗದ ಕಾಲದಲ್ಲಿ ಏನು ಮಾಡಬೇಕು? ಮೆಂತ್ಯದ ಸೊಪ್ಪು ಒಗ್ಗುತ್ತದೆ. ಕಹಿಯಿರುವುದರಿಂದ ಒಂದೂವರೆ ಬಟ್ಟಲು ಸಾಕು. ನುಗ್ಗೆಯ ಎಳೆಚಿಗುರು ಸುಣ್ಣದಂಶಕ್ಕೆ ಹೆಸರಾದದ್ದು. ಕಡ್ಡಿ ಬಿಡಿಸಿ ಎಲೆಯನ್ನಷ್ಟೇ ಹಾಕಬೇಕು. ಪುದೀನ, ದೊಡ್ಡಪತ್ರೆಗಳು ಬಲು ಜೋರಿನವು. ಕೊತ್ತಂಬರಿಯ ಜೊತೆ ಏಳೆಂಟು ಎಲೆ ಸೇರಿಸಿದರೆ ಸಾಕು. ಹರಿವೆಯಂಥ ನೀರು ತುಂಬಿದ ಸೊಪ್ಪುಗಳು ಈ ಕೆಲಸಕ್ಕೆ ಬಾರವು.

ಹಬೆಯ ತಿಂಡಿಯೆಂದರೆ ರೋಗಿಯ ತಿಂಡಿಯೆಂದು ಮನೆಯ ಹುಡುಗರು ಮುಖ ಕಿವಿಚಿದರೆ? ಇದಕ್ಕೆ ಉತ್ತರ ಪಾಕಶಾಸ್ತ್ರದಲ್ಲಿಲ್ಲ, ಬಡಿಸುವ ರೀತಿಯಲ್ಲಿದೆ. “ಅಜ್ಜನಿಗೆಂದು ಮಾಡಿದೆ, ನಿನಗೂ ಎರಡು ಕೊಡಲೆ?” ಎಂದು ಕೇಳಬೇಡಿರಿ. ಹಾಗೆ ಕೇಳಿದೊಡನೆ ಅದು ಪಥ್ಯವಾಗಿಬಿಡುತ್ತದೆ; ಹುಡುಗನೂ ಬೇಡವೆನ್ನುತ್ತಾನೆ, ಅಜ್ಜನಿಗೂ ಮುಜುಗರ. ದೊಡ್ಡ ತಟ್ಟೆಯಲ್ಲಿ ಹಬೆಯಾಡುವ ಉಂಡೆಗಳನ್ನು ರಾಶಿ ಹಾಕಿ, ನಡುವೆ ತುಪ್ಪದ ಬಟ್ಟಲಿಟ್ಟು, ಎಲ್ಲರನ್ನೂ ಒಟ್ಟಿಗೆ ಕರೆಯಿರಿ. ತುಪ್ಪ ಬೇಕಾದವರು ಹಾಕಿಕೊಳ್ಳಲಿ, ಬೇಡವಾದವರು ಬಿಡಲಿ. ಉಂಡೆ ಮಾತ್ರ ಎಲ್ಲರದೂ ಒಂದೇ ಆಗಿರಲಿ. ನೀವೂ ಒಲೆ ಆರಿಸಿ ಬಂದು ಅವರ ನಡುವೆ ಕುಳಿತುಕೊಳ್ಳಿರಿ.

ಈ ವಾರದ ಸಂತೆಯಲ್ಲಿ ಎಳೆಯ ಸಬ್ಬಸಿಗೆ ಕಣ್ಣಿಗೆ ಬಿದ್ದರೆ ಒಂದು ಕಟ್ಟಲ್ಲ, ಎರಡು ಕಟ್ಟು ತನ್ನಿರಿ. ಮೊದಲ ಸಲದ ತಟ್ಟೆ ಬರಿದಾದಾಗ ಮನೆಯವರು ಎರಡನೆಯದನ್ನು ಕೇಳದೆ ಇರಲಾರರು.